ಬೊಗಳುವ ತಳಿಯನ್ನೇ ಆರಿಸಿದ್ದೇವೆ

ಚಪ್ಪರ ಎತ್ತಿದ ತೊಂಬತ್ತನೆಯ ವರ್ಷ, ಎರಡನೇ ಬೇಸಿಗೆಯ ಅರವತ್ತೊಂದನೇ ತಾರೀಖು.

ಮನೆಗೆ ಯಾವ ತಳಿಯ ನಾಯಿ ತರುವುದೆಂದು ಯೋಚಿಸುತ್ತಿರುವ ಹಿಂದಿನ ಕಾಲದವರಿಗೆ, ತುಂಗಭದ್ರೆಯ ದಂಡೆಯ ನೆರಳೂರಿನಿಂದ ಗಂಗಿಮಾಳವ್ವನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ಒಂದೊಂದೂ ನಿಮ್ಮ ತಿಂಗಳುಗಳ ಅಂಕೆಗೆ ಸಿಗದಷ್ಟು ಉದ್ದ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಮಾತಿಗೆ ಮಾತ್ರ ಕ್ಷಮೆ ಕೇಳುತ್ತಿದ್ದೇನೆ. ಇವತ್ತು ಸಂಜೆ ನಾನು ಮಾಡಲಿರುವ ಕೆಲಸಕ್ಕೆ ಯಾರ ಕ್ಷಮೆಯನ್ನೂ ಕೇಳುವವಳಲ್ಲ.

ನಾವು ಬದುಕುವ ರೀತಿಯನ್ನು ಮೊದಲು ಹೇಳಬೇಕು. ಇಲ್ಲಿ ಹಗಲಿನ ಬಿಸಿಲಿಗೆ ಮೈಯೊಡ್ಡಿ ಯಾರೂ ಬಹಳ ಹೊತ್ತು ಉಳಿಯಲಾರರು. ಹಾಗಾಗಿ ಒಂದೊಂದು ಓಣಿಯ ಮೇಲೂ ಒಂದೇ ದೊಡ್ಡ ನೆರಳುಬಟ್ಟೆ ಬಿಗಿದು, ಅದರಡಿ ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಿಕೊಂಡಿದ್ದೇವೆ. ಅಂಥ ಓಣಿಗೆ ಚಪ್ಪರ ಎನ್ನುತ್ತೇವೆ. ಬೆಳಗಿನ ಜಾವ ಮತ್ತು ಸಂಜೆ ಹೊಲ, ಕಾಲುವೆಗಳ ಕೆಲಸ. ಬಿಸಿಲೇರಿದಾಗಿನಿಂದ ಇಳಿಯುವವರೆಗೆ ಎಲ್ಲರೂ ಮಲಗುತ್ತೇವೆ, ಅದು ನಡುನಿದ್ದೆ. ಚಪ್ಪರದಡಿ ಒಬ್ಬರು ಸೀನಿದರೆ ಆಚೆ ತುದಿಯವರೆಗೆ ಕೇಳುತ್ತದೆ. ನಡುನಿದ್ದೆಯಲ್ಲಿ ಪಾತ್ರೆ ಬೀಳಿಸಿದ ಸೊಸೆಯ ಹೆಸರು ಮೊಮ್ಮಕ್ಕಳ ಕಾಲದವರೆಗೆ ನೆನಪಿರುತ್ತದೆ. ಬೊಗಳುವ ನಾಯಿಗಂತೂ ಇಲ್ಲಿ ಜಾಗವಿಲ್ಲ. ಚಪ್ಪರದೊಳಗೆ ಸಾಕುವುದು ಮೂಕತಳಿಯನ್ನು ಮಾತ್ರ, ಎಂದರೆ ಹುಟ್ಟಿನಿಂದಲೇ ದನಿಯಿಲ್ಲದ ನಾಯಿಯನ್ನು. ಈ ತಳಿ ಆಕಾಶದಿಂದ ಉದುರಿದ್ದಲ್ಲ. ಕೂದಲು ಉದುರಬಾರದು, ಹೆಚ್ಚು ಬೆಳೆಯಬಾರದು, ಪಕ್ಕದ ಫ್ಲ್ಯಾಟಿನವರಿಗೆ ತೊಂದರೆಯಾಗಬಾರದು ಎಂದು ನೀವು ಒಂದೊಂದಾಗಿ ಬೇಡಿದ್ದನ್ನೆಲ್ಲ ಕೊನೆಗೆ ಯಾರೋ ಮಾಡಿಯೇ ಕೊಟ್ಟರು. ಹಿಮದ ನಾಡಿನ ಜೂಲುನಾಯಿಯನ್ನು ಫೋಟೋ ನೋಡಿ ತರಿಸಿ, ಮೂರನೇ ಮಹಡಿಯಲ್ಲಿ ಫ್ಯಾನಿನ ಕೆಳಗೆ ಮಲಗಿಸುತ್ತಿದ್ದಿರಂತೆ. ಇದನ್ನು ಕೇಳಿದ ದಿನ ನನ್ನ ಅತ್ತೆ ನಕ್ಕು ನಕ್ಕು ಸುಸ್ತಾದರು.

ನಾವು ನಿಮ್ಮಷ್ಟು ಅವಸರದವರಲ್ಲ. ನಾಯಿ ಬೇಕೆಂದವರ ಮನೆಗೆ ತಳಿಗಾರರು ಬರುತ್ತಾರೆ. ಬಂದವರು ನೆಂಟರ ಹಾಗೆ ಉಳಿದು, ಮನೆಯವರ ಜೊತೆ ಉಂಡು, ಯಾರ ಕೋಪ ಎಷ್ಟು ಹೊತ್ತಿನದು, ಯಾರ ಪಕ್ಕದಲ್ಲಿ ಜಾಗ ಖಾಲಿ ಇದೆ ಎಂದೆಲ್ಲ ನೋಡುತ್ತಾರೆ. ಆಮೇಲೆ ತಳಿ ಹೇಳುತ್ತಾರೆ. ನಮ್ಮ ಮನೆಗೆ ಬಂದವಳು ಮೌಲಾಬಿ. ನನ್ನ ಗಂಡ ಯಂಕೋಬನ ಮುಂಗೋಪ, ಮಗಳು ಹುಲಿಗೆಮ್ಮನ ತಂಟೆ, ಅತ್ತೆಯ ಮಂಡಿನೋವು, ನನ್ನ ಬಾಯಿ ಎಲ್ಲವನ್ನೂ ತೂಗಿ ನೋಡಿ ಕಂದುಬಣ್ಣದ ಒಂದು ಹೆಣ್ಣುಮರಿಯನ್ನು ತಂದಳು. “ನಿಮ್ಮ ಮನಿಗೆ ಹೇಳಿ ಮಾಡಿಸಿದಂಗ ಐತಿ. ಐತೋ ಇಲ್ಲೋ ಅನ್ನೂದ ಗೊತ್ತಾಗಂಗಿಲ್ಲ ನೋಡವ್ವ” ಎಂದಳು. ಹುಲಿಗೆಮ್ಮ ಅದಕ್ಕೆ ಸಕ್ರಿ ಎಂದು ಹೆಸರಿಟ್ಟಳು. ಮೌಲಾಬಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಸಕ್ರಿ ಹಾಕಿದ್ದನ್ನು ತಿನ್ನುತ್ತಿತ್ತು, ತೋರಿಸಿದಲ್ಲಿ ಮಲಗುತ್ತಿತ್ತು, ಅತ್ತೆಯ ಕಾಲಿಗೆ ಬೆನ್ನು ಕೊಟ್ಟು ಶಾಖ ಮಾಡುತ್ತಿತ್ತು. ಇಡೀ ಚಪ್ಪರ ಅದನ್ನು ಹೊಗಳುತ್ತಿತ್ತು.

ನೆರಳುಬಟ್ಟೆಯ ಮೇಲ್ಗಡೆ ಪ್ರತಿ ಮನೆಗೂ ಒಂದು ಬಿಸಿಲಟ್ಟವಿದೆ. ಬೆಳಗಿನ ಜಾವ ಅದರ ಮೇಲೆ ಹತ್ತಿ, ಮೆಣಸಿನಕಾಯಿ, ಸಂಡಿಗೆ ಹರವಿ, ಬಿಸಿಲೇರುವ ಮೊದಲು ಇಳಿದು ಕದ ಹಾಕಬೇಕು. ಹೋದ ಬೇಸಿಗೆಯಲ್ಲಿ ಒಂದು ದಿನ ನಾವೆಲ್ಲ ಹತ್ತಿದ್ದೆವು, ಸಕ್ರಿಯೂ ಹತ್ತಿತ್ತು. ನಾವು ಇಳಿದೆವು. ಕದ ಎಳೆದದ್ದು ನಾನೋ ಯಂಕೋಬನೋ, ಇವತ್ತಿಗೂ ಗೊತ್ತಿಲ್ಲ. ಕೈಕಾಲು ತೊಳೆದು, ಉಂಡು, ಮಲಗಿದೆವು. ನಾಯಿ ಕಾಣುತ್ತಿಲ್ಲವಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ. ಇದೆಯೋ ಇಲ್ಲವೋ ಗೊತ್ತಾಗದಿರುವುದೇ ಅದರ ಹೆಚ್ಚುಗಾರಿಕೆ ತಾನೇ? ಸಂಜೆ ಕದ ತೆಗೆದಾಗ ಅದು ಹೊಸ್ತಿಲಿಗೆ ಒತ್ತಿಕೊಂಡು ಬಿದ್ದಿತ್ತು. ಮೈ ಒಲೆಯ ಕಲ್ಲಿನ ಹಾಗೆ ಸುಡುತ್ತಿತ್ತು. ಕದದ ಮೇಲೆಲ್ಲ ಉಗುರಿನ ಗೆರೆಗಳಿದ್ದವು. ಬಾಯಿ ಅಗಲವಾಗಿ ತೆರೆದೇ ಇತ್ತು. ಹುಲಿಗೆಮ್ಮ ಅದರ ಬಾಯಿಯನ್ನೇ ನೋಡುತ್ತ ಕುಳಿತು, “ಅವ್ವಾ, ಇದು ಕರದೈತಿ. ನಮಗ ಕೇಳಿಲ್ಲ” ಎಂದಳು. ನಾನು ಎದೆ ಎದೆ ಬಡಿದುಕೊಂಡು ಅತ್ತುಬಿಟ್ಟೆ. ಅತ್ತದ್ದಕ್ಕೆ ನಾಚಿಕೆಯಿಲ್ಲ.

ಮೌಲಾಬಿ ಮತ್ತೆ ಬಂದಳು. ಈ ಸಲ ಅವಳು ಉಳಿಯುವುದು, ನೋಡುವುದು ಏನೂ ಬೇಡವೆಂದೆ. ಬೊಗಳುವ ನಾಯಿ ಬೇಕು, ಬಣ್ಣ, ಎತ್ತರ, ಗುಣ ಯಾವುದೂ ನನಗೆ ಬೇಕಿಲ್ಲವೆಂದೆ. ಅವಳು ನದಿಯ ಕಡೆ ಹೋಗಿ, ಚಪ್ಪರದ ಹೊರಗೆ ಬಂಡೆಗಳ ಸಂದಿಯಲ್ಲಿ ಬದುಕುವ ನಾಯಿಗಳ ಹಿಂಡಿನಿಂದ ಒಂದು ಮರಿ ತಂದಳು. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ತಳಿ ಯಾವುದೆಂದು ಕೇಳಿದರೆ ಮೌಲಾಬಿ ಕೈ ಆಡಿಸಿದಳು. ಅದರ ಹೆಸರು ಗುಡುಗಿ. ಕಾಗೆ ಕೂತರೆ ಬೊಗಳುತ್ತದೆ, ತಳ್ಳುಗಾಡಿ ಹೋದರೆ ಬೊಗಳುತ್ತದೆ, ರೊಟ್ಟಿ ತಟ್ಟುವುದು ತಡವಾದರೆ ನನ್ನನ್ನೇ ಬೈಯುತ್ತದೆ. ಮನೆಯಲ್ಲಿ ನನಗೆ ಸರಿಸಮನಾಗಿ ಮಾತಾಡುವವರು ಒಬ್ಬರಾದರೂ ಸಿಕ್ಕರೆಂದು ಯಂಕೋಬನಿಗೆ ಒಳಗೊಳಗೇ ಖುಷಿ.

ಪಕ್ಕದ ಮನೆಯ ಅಮರೇಗೌಡನಿಗೆ ಖುಷಿಯಿಲ್ಲ. ಅವನು ಕೆಟ್ಟವನಲ್ಲ, ಸಂಜೆಯಿಂದ ಕಾಲುವೆಯಲ್ಲಿ ಹೂಳೆತ್ತುವವನು, ನಿದ್ದೆ ಬೇಕು. ಮೊನ್ನೆ ಬಾಗಿಲಿಗೆ ಬಂದು ಮೆತ್ತಗೆ ಹೇಳಿದ: “ಗಂಗವ್ವಾ, ದನಿ ಒಂದ ಕೊಯ್ಸಿಬಿಡು. ನಾಯಿ ನಿಂದ ಇರ್ತೈತಿ, ನಿದ್ದಿ ನಮ್ದ ಇರ್ತೈತಿ.” ನಾನು, “ಮೊದ್ಲ ನಿನ್ನ ಗೊರಕಿ ಕೊಯ್ಸು, ಆಮ್ಯಾಲ ನೋಡೂಣು” ಎಂದೆ. ಅವನಿಗೂ ನಗು ಬಂತು, ಆದರೆ ದೂರು ಕೊಟ್ಟ. ಇವತ್ತು ಸಂಜೆ ಚಪ್ಪರದ ಸಭೆ. ಗುಡುಗಿಯ ಗಂಟಲಿನ ದನಿತಂತು ಕೊಯ್ಯಿಸಬೇಕು, ಇಲ್ಲವೇ ನಾವು ನೆರಳು ಬಿಟ್ಟು ಹೋಗಬೇಕು. ಮೂರನೆಯ ದಾರಿ ಯಾರೂ ಹೇಳುತ್ತಿಲ್ಲ.

ನೆರಳು ಬಿಟ್ಟು ಹೋಗುವುದೆಂದರೆ ಏನೆಂದು ನನಗೆ ಗೊತ್ತಿದೆ, ಹೆದರಿಕೆಯೂ ಇದೆ. ಅತ್ತೆಯ ಮಂಡಿ ನದಿಯವರೆಗೆ ನಡೆಯುವಂತಿಲ್ಲ, ಯಂಕೋಬ ಹೊತ್ತುಕೊಳ್ಳುತ್ತೇನೆ ಎಂದಿದ್ದಾನೆ. ದಂಡೆಯ ಬಂಡೆಗಳ ನಡುವೆ ದಪ್ಪ ಮಣ್ಣಿನ ಗೋಡೆ ಎಬ್ಬಿಸಿದರೆ ಬದುಕಬಹುದಂತೆ; ಹುಲಿಗೆಮ್ಮ ಆಗಲೇ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಾಳೆ. ಸಭೆಯಲ್ಲಿ ನಾನು ಬೇಡಿಕೊಳ್ಳುವುದಿಲ್ಲ. ಉಗುರಿನ ಗೆರೆಗಳಿರುವ ಆ ಅಟ್ಟದ ಕದವನ್ನು ಕಿತ್ತು ತಂದು ಅವರ ಮುಂದೆ ಒರಗಿಸುತ್ತೇನೆ. ಪಕ್ಕದಲ್ಲಿ ಗುಡುಗಿಯನ್ನು ಕೂರಿಸುತ್ತೇನೆ. ಅವಳು ಸುಮ್ಮನಿರುವವಳಲ್ಲ. ಕೊಯ್ಯುವ ಕೈ ಯಾರದ್ದಾದರೂ ಸರಿ, ಮೊದಲು ನನ್ನನ್ನು ದಾಟಿ ಬರಲಿ.

ನಿಮ್ಮಲ್ಲಿ ಕೇಳುವುದು ಇಷ್ಟೇ. ನಿಮ್ಮ ಮನೆಗೆ ಯಾವ ತಳಿ ಬೇಕಾದರೂ ತನ್ನಿ. ಮನೆ ನೋಡಿ, ಮಕ್ಕಳನ್ನು ನೋಡಿ, ಕೂದಲು ಅಳೆಯಿರಿ, ಅದು ನಿಮಗೆ ಬಿಟ್ಟದ್ದು. ಆದರೆ ಗುಡುಗಿಯ ಮುತ್ತಜ್ಜಿಯ ಮುತ್ತಜ್ಜಿ ಈಗ ನಿಮ್ಮ ಬೀದಿಯಲ್ಲೇ ಎಲ್ಲೋ ಇದ್ದಾಳೆ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಯಾವ ತಳಿಯೆಂದು ಯಾರೂ ಹೇಳಲಾರರು. ನಿಮ್ಮ ನಿದ್ದೆ ಕೆಡಿಸಿದಳೆಂದು ಅವಳಿಗೆ ಕಲ್ಲು ಎಸೆಯಬೇಡಿ. ಬೊಗಳಲಿ ಬಿಡಿ. ಆ ದನಿ ಇವತ್ತು ಸಂಜೆ ನಮಗೆ ಬೇಕು.