ಹೊರಗೆ ಬಿಟ್ಟ ಹೊಲಿಗೆ

ಅತ್ತೆಯವರಿಗೆ ನಿಮ್ಮ ಅಳಿಯನ ನಮಸ್ಕಾರಗಳು.

ಮೊಮ್ಮಗಳು ಚೆನ್ನಾಗಿದ್ದಾಳೆ. ಈಗ ನಗುತ್ತಾಳೆ.

ಆಸ್ಪತ್ರೆ ಸೇರುವ ಮುಂಚೆ ನಿಮ್ಮ ಮಗಳು ಮಗುವಿಗೆಂದು ಹೊಲಿದಿಟ್ಟ ಅಂಗಿಗಳನ್ನು ಮುಟ್ಟಲು ಇಷ್ಟು ದಿನ ಧೈರ್ಯವಾಗಿರಲಿಲ್ಲ. ಮೊನ್ನೆ ತೆಗೆದೆ. ಎಲ್ಲದರಲ್ಲೂ ಹೊಲಿಗೆಯ ಅಂಚು ಹೊರಗಿತ್ತು. ಆಗಲೇ ಕಾಯಿಲೆ ತಲೆಗೇರಿತ್ತೇನೋ ಎಂದುಕೊಂಡು ಒಂದೊಂದನ್ನೇ ತಿರುಗಿಸುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ನೋಡಿ ನಕ್ಕರು. "ಅಯ್ಯೋ ಮಂಕೇ, ಅಂಚು ಒಳಗಿದ್ರೆ ಎಳೇ ಮೈಗೆ ಚುಚ್ಚಲ್ವೇನೋ? ತಿಳಿದವರ ಕೆಲಸ ಕಣೋ ಇದು. ಯಾರು ಕಲಿಸಿದ್ರೋ!"

ಯಾರೆಂದು ನನಗೆ ಗೊತ್ತು. ಮದುವೆಯ ಹೊಸದರಲ್ಲಿ ನೀವಿಬ್ಬರೂ ಒಂದೇ ಮೆಷಿನ್ನಿಗೆ ಜಗಳವಾಡುತ್ತಿದ್ದಿರಿ. ನೀವು ದಾರ ಪೋಣಿಸಲು ತಡಕಾಡಿದರೆ, "ಅಮ್ಮಾ, ನಿನ್ ಕಣ್ಣಿಗಿಂತ ಸೂಜಿ ಕಣ್ಣೇ ದೊಡ್ಡದು" ಎನ್ನುತ್ತಿದ್ದಳು. "ನಿನ್ ಬಾಯಿಗಿಂತ ದೊಡ್ಡದು ಯಾವುದೂ ಇಲ್ಲ ಬಿಡೇ" ಎನ್ನುತ್ತಿದ್ದಿರಿ ನೀವು. ಆ ಜಗಳ ಕೇಳಲೆಂದೇ ನಾನು ಊಟವಾದರೂ ಏಳುತ್ತಿರಲಿಲ್ಲ.

ಹೆರಿಗೆಗೆ ಮುಂಚೆ ಆಸ್ಪತ್ರೆಯಲ್ಲಿ ನೀವು ಅವಳ ಹೊಟ್ಟೆ ಸವರಲು ಹೋದಾಗ ಅವಳು, "ನೀನು ನನ್ನಮ್ಮ ಅಲ್ಲ, ನನ್ನ ಮಗೂನ ಮುಟ್ಬೇಡ" ಎಂದು ಕಿರುಚಿದಳು. ಹೆತ್ತು ಅವಳು ತೀರಿಹೋದ ಮೇಲೂ ಆ ಮಾತಿಗೆ ಕಟ್ಟುಬಿದ್ದು ನೀವು ಕೂಸನ್ನು ಎತ್ತಿಕೊಳ್ಳಲಿಲ್ಲ. ಕಾಯಬೇಕಾದ ಮೈಯ ಶಕ್ತಿಯೇ ದಿಕ್ಕು ತಪ್ಪಿ ಮಿದುಳಿಗೆ ಉರಿಯೂತ ತಂದಿತು ಎಂದು ಡಾಕ್ಟರು ಹೇಳಿದ್ದನ್ನು ನೀವೂ ಕೇಳಿದ್ದೀರಿ. ಅತ್ತೆ, ಆ ಮಾತು ಕಾಯಿಲೆಯದು. ಅವಳಿಗೆ ನಿಮ್ಮ ನೆನಪು ಎಷ್ಟಿತ್ತೆಂಬುದು ಈ ಅಂಗಿಗಳಲ್ಲಿದೆ.

ಇವು ಆಗಲೇ ಬಿಗಿಯಾಗುತ್ತಿವೆ. ಹೊಸದಕ್ಕೆ ಅಳತೆ ತೆಗೆಯಲು ನಾನು ಹಿಡಿದರೆ ಮೊಮ್ಮಗಳು ಕಾಲು ಮಡಚಿಕೊಂಡು ಅಳುತ್ತಾಳೆ. ನೀವೇ ತೊಡೆಯ ಮೇಲೆ ಮಲಗಿಸಿಕೊಳ್ಳಬೇಕು. ಭಾನುವಾರ ಬೆಳಗಿನ ಬಸ್ಸಿಗೆ ಬನ್ನಿ, ಅವಳನ್ನೂ ಎತ್ತಿಕೊಂಡು ನಿಲ್ದಾಣಕ್ಕೆ ಬಂದು ನಿಂತಿರುತ್ತೇನೆ.

ನಿಮ್ಮ ದಾರಿ ನೋಡುವ,
ಅಳಿಯ