ಗೋಡೆಯ ಮೇಲಿನ ಹನ್ನೊಂದು ಚೀಟಿ

೧೪, ಮಂಗಳವಾರ, ರಾತ್ರಿ

ಹಳೆಯ ಹೊಲಿಗೆ ಮೆಷಿನ್ ಮಾರಲು ಭಾನುವಾರ ಆನ್‌ಲೈನಿನಲ್ಲಿ ಫೋಟೊ ಹಾಕಿದ್ದೆ. ಎಣ್ಣೆ ಬಿಟ್ಟು, ಒರೆಸಿ, ಫಳಫಳ ಹೊಳೆಯುವಂತೆ ಮಾಡಿದ್ದೆ. ಹಿಂದಿನ ಗೋಡೆಯನ್ನು ಮಾತ್ರ ನೋಡಲಿಲ್ಲ. ಗಿರಾಕಿಗಳ ಹೆಸರು, ಫೋನ್ ನಂಬರ್, ಮೈಯಳತೆ ಬರೆದ ಚೀಟಿಗಳನ್ನು ಅಲ್ಲೇ ಅಂಟಿಸುವುದು ನನ್ನ ಇಪ್ಪತ್ತು ವರ್ಷದ ಚಾಳಿ.

ಸಂಜೆ ಎದುರುಮನೆಯ ಟೀಚರ್ ಅಂಗಡಿ ಬಾಗಿಲಲ್ಲೇ ನಿಂತು ಅತ್ತರು. "ನಿಮ್ಮ ಅಂಗಡಿಯಿಂದ ಅಂತ ಒಬ್ಬ ಫೋನ್ ಮಾಡಿದ. ಬಟ್ಟೆ ರೆಡಿ, ಮೊಬೈಲಿಗೆ ಬಂದಿರೋ ಒಟಿಪಿ ಹೇಳಿ ಅಂದ. ಹೇಳ್ಬಿಟ್ಟೆ ಅಕ್ಕಾ. ಖಾತೆನೆಲ್ಲ ಗುಡಿಸಿ ಗುಂಡಾಂತರ ಮಾಡಿದ."

"ಗುರುತಿಲ್ಲದವನನ್ನ ಹೇಗೆ ನಂಬಿದ್ರಿ?"

"ನನ್ನ ಸೊಂಟದ ಅಳತೆ ಹೇಳಿದ. ನಿಮ್ಮನ್ನ ಬಿಟ್ರೆ ಅದು ಯಾರಿಗೆ ಗೊತ್ತು?"

ತಿರುಗಿ ಗೋಡೆಯ ಮೇಲಿನ ಚೀಟಿಗಳನ್ನು ನೋಡಿದೆ.

ಆನ್‌ಲೈನಿನಿಂದ ಆ ಫೋಟೊ ಅಳಿಸಿದೆ. ಏನು ಬಂತು? ನೋಡಬಾರದವನು ನೋಡಿ ಆಗಿದೆ. ದೊಡ್ಡದು ಮಾಡಿದರೆ ನನ್ನದೇ ದುಂಡು ಅಕ್ಷರ, ಹನ್ನೊಂದು ಚೀಟಿ. ಹೆಂಗಸರು ಗಂಡನಿಗೂ ಹೇಳದ ಅಳತೆಗಳನ್ನು ಯಾವನೋ ಎಲ್ಲೋ ಕೂತು ಒಂದೊಂದಾಗಿ ಓದುತ್ತಿದ್ದಾನೆ. ನೆನೆದರೆ ಮೈಮೇಲೆ ಹುಳ ಹರಿದಂತಾಗುತ್ತದೆ.

ಟೀಚರ್ ಹೋದ ಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡಿ ಎಚ್ಚರಿಸಿದೆ. ಒಂಬತ್ತು ಜನ ಸಿಕ್ಕರು. ಇಬ್ಬರು ಬೈದರು, ಬೈಯಲಿ. ಇನ್ನು ಉಳಿದಿರುವುದು ನರ್ಸಮ್ಮ ಒಬ್ಬರೇ. ಗಂಡ ಸತ್ತಾಗ ಬಂದ ದುಡ್ಡನ್ನೆಲ್ಲ ಬ್ಯಾಂಕಿನಲ್ಲಿಟ್ಟಿದ್ದೇನೆ ಎಂದು ಅಳತೆ ಕೊಡುವಾಗ ಹೇಳಿದ್ದರು. ಓಡಿ ಹೋಗೋಣವೆಂದರೆ ಅವರ ಮನೆ ನನಗೆ ಗೊತ್ತಿಲ್ಲ. ತೋಳು ಎಷ್ಟು, ಭುಜ ಎಷ್ಟು ಎನ್ನುವುದಷ್ಟೇ ಗೊತ್ತು.

ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಬೇರೆ ಕರೆಯಲ್ಲಿದ್ದಾರೆ ಎಂದೇ ಬರುತ್ತಿದೆ. ಇಷ್ಟು ಹೊತ್ತು, ಯಾರ ಜೊತೆ ಮಾತಾಡುತ್ತಿದ್ದಾರೆ?