ಗೇರಿಲ್ಲದ ಬೈಕನ್ನು ಗೇರಿನಲ್ಲಿ ನಿಲ್ಲಿಸಿದ್ದು

ಸ್ಕಾರ್‌ವಿಕ್
ಮೇ ೨೮, ಬುಧವಾರ

ಪ್ರೀತಿಯ ಓಡ್ವಾರ್ (ಇನ್ನೂ ಹಾಗೆಂದೇ ಬರೆಯುತ್ತಿದ್ದೇನೆ),

ಭಾನುವಾರದಿಂದ ಆರು ಸಲ ಫೋನ್ ಮಾಡಿದೆ. ಆರೂ ಸಲ ನಿನ್ನ ಹೆಂಡತಿ ಟೂನೆಯೇ ಎತ್ತಿದಳು. "ಅವ್ರು ಶೆಡ್ಡಲ್ಲಿದಾರೆ ಅತ್ತಿಗೆ, ಕೈಯೆಲ್ಲ ಗ್ರೀಸು" ಎಂದು ಆರು ಸಲವೂ ಅದೇ ಸುಳ್ಳು. ಪಾಪ, ಅವಳಿಗೆ ಇನ್ನೊಂದೆರಡು ಸುಳ್ಳನ್ನಾದರೂ ಹೇಳಿಕೊಡಬಾರದೆ? ಫೋನಿನಿಂದ ತಪ್ಪಿಸಿಕೊಳ್ಳಬಹುದು, ಕಾಗದ ಮೇಜಿನ ಮೇಲೆ ಕಾದು ಕೂತಿರುತ್ತದೆ. ಅದಕ್ಕೇ ಬರೆಯಲು ಕೂತೆ. ಹಾಳೆಯ ಎಡಗಡೆ ಕಾಫಿ ಲೋಟದ ದುಂಡು ಕಲೆಗಳಿವೆ, ಬೇಜಾರು ಮಾಡಿಕೊಳ್ಳಬೇಡ. ಪ್ರತಿ ಹಾಳೆಯಲ್ಲೂ ಇರುತ್ತವೆ.

ಮೊದಲು ನನ್ನ ತಪ್ಪು. ನೀನು ಓಡಿಸುವ ಅಪ್ಪನ ಬೈಕಿನ ಟ್ಯಾಂಕು ನೆಗ್ಗಿದ್ದು ನನ್ನಿಂದ. ಫೆರಿ ಹಡಗು ವಾಲಿತು, ಅಲೆ ಬಂತು ಎಂದು ಅಲ್ಲಿ ಏನೇನೋ ಹೇಳಿದೆ. ಅದೆಲ್ಲ ಬಿಡು. ನಲವತ್ತೆಂಟು ವರ್ಷದಿಂದ ಫೆರಿಯಲ್ಲಿ ಬೈಕು ನಿಲ್ಲಿಸುತ್ತಾ ಬಂದವಳು ನಾನು. ಮೊದಲನೇ ಗೇರಿಗೆ ಹಾಕಿ, ಎಂಜಿನ್ ಆರಿಸಿ, ಸ್ಟ್ಯಾಂಡಿಗೆ ವಾಲಿಸಿ, ಮೇಲೆ ಹೋಗಿ ವಾಫಲ್ ತಿನ್ನುವುದು. ಚಕ್ರವನ್ನು ಎಂಜಿನ್ನೇ ಕಚ್ಚಿ ಹಿಡಿದಿರುತ್ತದೆ. ಭಾನುವಾರವೂ ನನ್ನ ಎಡಗಾಲು ತನ್ನಷ್ಟಕ್ಕೆ ತಾನೇ ಗೇರು ಒತ್ತಿತು. ಆದರೆ ನನ್ನ ಈ ಹೊಸ ಬೈಕಿನಲ್ಲಿ ಗೇರೆಲ್ಲಿದೆ? ಕಾಲು ಗಾಳಿಯನ್ನು ಒತ್ತಿತು, ನಾನು ನಿಶ್ಚಿಂತೆಯಿಂದ ಮೆಟ್ಟಿಲು ಹತ್ತಿದೆ, ಬೈಕು ಉರುಳಿ ಹೋಗಿ ನಿನ್ನ ಬೈಕಿನ ಮೇಲೆ ಬಿತ್ತು. ಎಲೆಕ್ಟ್ರಿಕ್ ಬೈಕು ಆರಿಸಿದ ಮೇಲೆ ಸೈಕಲ್ಲಿನಷ್ಟು ಸಲೀಸಾಗಿ ಉರುಳುತ್ತದೆ, ಅದಕ್ಕೆ ನಿಲುಗಡೆಯ ಬ್ರೇಕು ಬೇರೆ ಹಾಕಬೇಕು ಎಂದು ಪುಸ್ತಕದಲ್ಲಿ ದಪ್ಪಕ್ಷರದಲ್ಲಿದೆ. ಎರಡು ಸಲ ಓದಿದ್ದೆ. ಓದಿದ್ದು ತಲೆಗೆ ಹೋಯಿತು, ಕಾಲಿಗೆ ಇಳಿಯಲಿಲ್ಲ.

ಫೆರಿಯ ಅರ್ವಿಡ್ ಬೆಣೆ ಹಿಡಿದು ಓಡಿ ಬಂದನಲ್ಲ, ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. "ಏನಜ್ಜಿ, ಗೇರಲ್ಲಿ ಬಿಟ್ಟು ಹೋಗಿದ್ರಾ?" ಎಂದು ನಕ್ಕ. ಅವನು ನಕ್ಕಿದ್ದಕ್ಕೆ ಬೇಜಾರಿಲ್ಲ. ನೀನು ನಗಲಿಲ್ಲವಲ್ಲ, ಅದು ಚುಚ್ಚಿತು. ಟ್ಯಾಂಕಿನ ಮೇಲೆ ಅಪ್ಪ ಕೈಯಾರೆ ಎಳೆದ ಬಿಳಿ ಗೆರೆ ಸರಿಯಾಗಿ ಆ ನೆಗ್ಗಿನಲ್ಲೇ ಮುರಿದಿತ್ತು. ನೀನು ಅದರ ಮೇಲೆ ಬೆರಳಾಡಿಸಿ, ಇಡೀ ಫೆರಿಗೆ ಕೇಳುವಂತೆ ಹೇಳಿದೆ: "ಈ ಇಸ್ತ್ರಿಪೆಟ್ಟಿಗೇನ ನೀನು ಬೈಕು ಅಂತೀಯ ಅಕ್ಕ. ಘಟ್ಟದ ದಾರಿ ತೆಗೆಯೋ ದಿನ ಇದನ್ನ ತರ್ಬೇಡ. ತಂದ್ರೆ ನಾನೊಬ್ನೇ ಹೋಗ್ತೀನಿ."

ಅಷ್ಟಕ್ಕೇ ನಿಲ್ಲಿಸಿದ್ದರೆ ನುಂಗಿಕೊಳ್ಳುತ್ತಿದ್ದೆ. "ದಾರೀಲಿ ಎದುರಿಗೆ ಬಂದ ಹನ್ನೊಂದು ಬೈಕಿನೋರು ಕೈ ತೋರಿಸಿದ್ರು. ನೀನು ಒಬ್ರಿಗಾದ್ರೂ ತೋರಿಸಿದ್ಯಾ? ಕರೆಂಟು ಬಂದ ಕೂಡ್ಲೆ ನಾವೆಲ್ಲ ಹೊಗೆ ಜನ ಆಗ್ಬಿಟ್ವಾ ನಿಂಗೆ?" ಎಂದೂ ನೀನು ಕೇಳಿದೆ. ಕನ್ನಡಿಯಲ್ಲಿ ನೋಡಿ ಎಣಿಸಿಕೊಂಡು ಬಂದಿದ್ದೀಯ! ಎದುರು ಬಂದ ಬೈಕಿಗೆ ಎಡಗೈ ಕೆಳಗಿಳಿಸಿ ಎರಡು ಬೆರಳು ತೋರಿಸುವುದನ್ನು ನಿನಗೆ ಕಲಿಸಿದವಳೇ ನಾನು. ಗಾಳಿ ಜೋರಿತ್ತು ಎಂದೆ ನಾನು. ನಿನಗೆ ಅಷ್ಟು ಉತ್ತರ ಸಾಕು ಎಂದುಕೊಂಡೆ.

ನಾನು ಈ ಬೈಕಿಗೆ ಮರುಳಾಗಿದ್ದೇನೆ ಎಂದುಕೊಂಡಿದ್ದೀಯ. ನನ್ನ ಸಂಕಟ ಕೇಳು. ಚಾರ್ಜು ಮಾಡಲು ಕಾರುಗಳ ಹಿಂದೆ ಸಾಲು ನಿಂತು ಮಳೆಯಲ್ಲಿ ನೆನೆಯುತ್ತೇನೆ. ಒಂದು ಕಂಬಕ್ಕೆ ಒಂದು ಆ್ಯಪ್, ಪಕ್ಕದ ಕಂಬಕ್ಕೆ ಇನ್ನೊಂದು, ಕೈಗವಸು ಬಿಚ್ಚದೆ ಯಾವುದೂ ತೆರೆಯುವುದಿಲ್ಲ. ನೂರೈವತ್ತು ಕಿಲೋಮೀಟರ್ ಎಂದು ಪರದೆ ಹೇಳುತ್ತದೆ, ಚಳಿಯಲ್ಲಿ ಏರು ಹತ್ತಲು ತೊಡಗಿದರೆ ಅದು ಕಣ್ಣೆದುರೇ ತೊಂಬತ್ತಕ್ಕೆ ಇಳಿಯುತ್ತದೆ. ಕೆಟ್ಟರೆ ಸ್ಪ್ಯಾನರ್ ಹಾಕಲು ಒಂದು ನಟ್ಟೂ ಸಿಗುವುದಿಲ್ಲ. ಅಪ್ಪನ ಶೆಡ್ಡಿನಲ್ಲಿ ಯಾರೂ ಹೇಳಿಕೊಡದೆ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿದ ನಾನು, ಈಗ ಮುಚ್ಚಿದ ಡಬ್ಬವೊಂದರ ಮುಂದೆ ಪೆದ್ದಿಯಂತೆ ನಿಲ್ಲುತ್ತೇನೆ. ನಿಲ್ಲಿಸಿದ ಮೇಲೆ ಟಿಕ್ ಟಿಕ್ ಎಂದು ತಣಿಯುವ ಎಂಜಿನ್ ಇಲ್ಲ, ಕೈ ಕಾಯಿಸಿಕೊಳ್ಳಲು ಬಿಸಿ ಇಲ್ಲ, ಮನೆಗೆ ಬಂದರೆ ಜಾಕೆಟ್ಟಿಗೆ ಪೆಟ್ರೋಲಿನ ವಾಸನೆಯೂ ಇಲ್ಲ. ಎಲ್ಲಿಗೂ ಹೋಗಿಯೇ ಇಲ್ಲವೇನೋ ಎನ್ನಿಸುತ್ತದೆ.

ಆದರೆ ಇದನ್ನೂ ಕೇಳು. ಹಿಡಿಕೆ ತಿರುಗಿಸಿದರೆ ಸಾಕು, ಬೈಕು ಇನ್ನೇನನ್ನೂ ಕೇಳದೆ ಹೊರಡುತ್ತದೆ. ಸೇತುವೆ ದಾಟುವಾಗ ಕೆಳಗಿನ ನೀರಿನ ಸದ್ದು ಮೊದಲ ಸಲ ಕೇಳಿದೆ. ಇನ್ನೊಂದು ಸದ್ದೂ ಕೇಳಿಸಿತು. ಭಾನುವಾರ ನಿನ್ನ ಹಿಂದೆ ಬರುವಾಗ, ಇಳಿಜಾರಿನಲ್ಲಿ ನೀನು ಹಿಡಿಕೆ ಸಡಿಲಿಸಿದಾಗಲೆಲ್ಲ ನಿನ್ನ ಚೈನು ಅದರ ಕವರಿಗೆ ಬಡಿಯುತ್ತಿತ್ತು. ನಿನ್ನದೇ ಎಂಜಿನ್ನಿನ ಅಬ್ಬರದಲ್ಲಿ ಅದು ನಿನಗೆ ಕೇಳಿಸದು. ಸಿಟ್ಟು ನನ್ನ ಮೇಲಿರಲಿ, ಘಟ್ಟಕ್ಕೆ ಹೋಗುವ ಮೊದಲು ಚೈನು ಬಿಗಿ ಮಾಡು.

ಚಳಿಗಾಲವೆಲ್ಲ ಮುಚ್ಚಿದ್ದ ಘಟ್ಟದ ಗೇಟನ್ನು ಜೂನ್ ಏಳರ ಶನಿವಾರ ತೆಗೆಯುತ್ತಾರೆ. ಹಿಮ ಕಡಿದ ದಾರಿ, ಎರಡೂ ಕಡೆ ಆಳೆತ್ತರದ ಬಿಳಿ ಗೋಡೆ. ಆ ದಿನ ಅಪ್ಪ ನಮ್ಮನ್ನು ಕರೆದುಕೊಂಡು ಹೋಗಿ, ಚಮಚದಿಂದ ಹಿಮದ ಗೋಡೆಯನ್ನು ಕೊರೆದು ಸಣ್ಣ ಗೂಡು ಮಾಡಿ, ಅದರಲ್ಲಿ ಮೂರು ಲೋಟ ಇಡುತ್ತಿದ್ದ. ಅವನು ಹೋದ ಮೇಲೂ ಗೂಡು ಮೂರು ಲೋಟದ್ದೇ. ನನಗೆ ಹೆರಿಗೆಯಾದ ವರ್ಷ ಬಿಟ್ಟರೆ ನಾವಿಬ್ಬರೂ ಒಂದು ವರ್ಷವೂ ತಪ್ಪಿಸಿಲ್ಲ. ಈಗ ಒಂದು ಎಂಜಿನ್ನಿನ ಸದ್ದಿಗಾಗಿ ನೀನೊಬ್ಬನೇ ಕೂತು ಕಾಫಿ ಕುಡಿಯುತ್ತೀಯಾ? ಗಂಟಲಲ್ಲಿ ಇಳಿಯುತ್ತದೆಯೇ?

"ನೀನು ಚಾರ್ಜ್ ಮಾಡ್ಕೊಂಡು ಮೇಲೆ ಬರೋಷ್ಟ್ರಲ್ಲಿ ಹಿಮಾನೇ ಕರಗಿರುತ್ತೆ" ಎಂದೆಯಲ್ಲ, ಲೆಕ್ಕ ಹಾಕಿದ್ದೇನೆ. ಮೇಲಿನ ವಸತಿಮನೆಯವರು ಕೊಟ್ಟಿಗೆಯ ಪ್ಲಗ್ಗಿಗೆ ಹಾಕಿಕೊಳ್ಳಿ ಎಂದಿದ್ದಾರೆ. ನಾಲ್ಕು ಗಂಟೆ ಹಿಡಿಯುತ್ತದೆ. ಕಂದು ಚೀಸು, ಬ್ರೆಡ್ಡು ನಾನು ತರುತ್ತೇನೆ, ಇಸ್ಪೀಟು ನೀನು ತಾ. ಟ್ಯಾಂಕಿನ ಗೆರೆಯನ್ನು ನಾನೇ ಎಳೆದುಕೊಡುತ್ತೇನೆ, ಅಪ್ಪನ ಕುಂಚ ನನ್ನ ಹತ್ತಿರವೇ ಇದೆ. ಬಣ್ಣ ಬಳಿಯಲು ಬಲಗೈ ಸಾಕು.

ಬೆಳಿಗ್ಗೆ ಏಳೂವರೆಗೆ ಗೇಟಿನ ಬಳಿ ನಿಂತಿರುತ್ತೇನೆ, ಇಸ್ತ್ರಿಪೆಟ್ಟಿಗೆಯ ಜೊತೆಗೇ. ಚಕ್ರಕ್ಕೆ ಕೊಡಲು ಮರದ ಬೆಣೆ ಕೆತ್ತಿಟ್ಟಿದ್ದೇನೆ.

ನಿನ್ನ ಮೇಲೆ ಸಿಟ್ಟಿರುವ, ನಿನ್ನದೇ ಅಕ್ಕ,
ಯೋರುನ್

ಮರೆತಿದ್ದು: ಮರೆತಿದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಹೋದ ಸೆಪ್ಟೆಂಬರಿನಲ್ಲಿ ಅಡ್ಡರಸ್ತೆಯ ನಡುವೆ ನನ್ನ ಹಳೇ ಬೈಕು ಆರಿಹೋಯಿತು, ಹಿಂದೆ ಲಾರಿ ಇತ್ತು. ಕ್ಲಚ್ ಒತ್ತಬೇಕು, ಎಡಗೈ ಬೆರಳು ಮಡಚಲಿಲ್ಲ. ನರದ ತೊಂದರೆಯಂತೆ, ಹಿಂದಿನ ಹಾಗೆ ಆಗುವುದಿಲ್ಲವಂತೆ. "ಕ್ಲಚ್ ಇಲ್ಲದ ಬೈಕಾದ್ರೆ ಓಡಿಸಿ, ಇಲ್ಲಾಂದ್ರೆ ಬಿಟ್ಬಿಡಿ" ಎಂದರು ಡಾಕ್ಟರು. ಕಾಲ ಬದಲಾಯಿತು, ಹೊಗೆ ಸಾಕಾಯಿತು ಎಂದು ನಿನ್ನ ಮುಂದೆ ಭಾಷಣ ಬಿಗಿದದ್ದು ಅದಕ್ಕೆ. ಹಿಡಿಕೆ ಬಿಟ್ಟು ಎಡಗೈ ತೋರಿಸಿದರೆ ಮತ್ತೆ ಹಿಡಿಯಲು ಬೆರಳು ತಡಮಾಡುತ್ತವೆ. ಹಾಳೆ ಅಲುಗದಂತೆ ಒತ್ತಿಡಲೂ ಆ ಕೈಗಾಗುವುದಿಲ್ಲ, ಅದಕ್ಕೇ ಹಾಳೆಯ ಮೇಲೆ ಲೋಟ. ಟೂನೆಗೆ ಹೇಳಬೇಡ, ಅಳುತ್ತಾಳೆ. ಶನಿವಾರ ನೀನು ಎದುರಿಗೆ ಬಂದಾಗ ಎಡಗಾಲನ್ನು ಹೊರಗೆ ಚಾಚುತ್ತೇನೆ. ಅದನ್ನೇ ಕೈ ಎಂದುಕೊ.